ನಿಂತ ಗೆರೆ

ಶುಕ್ರವಾರ ಮೂರು ಗಂಟೆಗೆ ಪ್ರೊಫೆಸರ್ ಆ ಪತ್ರಕ್ಕೆ ಸಹಿ ಹಾಕುವವರಿದ್ದರು. ನನ್ನ ಗಂಡನ ಲೇಖನವನ್ನು ಪತ್ರಿಕೆಯಿಂದ ಹಿಂತೆಗೆದುಕೊಳ್ಳುವ ಪತ್ರ. ಬುಧವಾರವೇ ಅದರ ಕರಡನ್ನು ನನ್ನ ಮೇಜಿನ ಮೇಲಿಟ್ಟು, 'ನಿಮಗೆ ಮೊದಲೇ ತಿಳಿದಿರಲಿ ಅಂತ' ಎಂದಿದ್ದರು. ಒಳ್ಳೆಯ ಮನುಷ್ಯ. ಕರಡಿನಲ್ಲಿ 'ಆಯ್ದ ಅಳತೆಗಳು' ಎಂಬ ಮಾತಿತ್ತು. ಬೇಕಾದದ್ದನ್ನು ಹೆಕ್ಕಿ ತೋರಿಸಿ ಬೇಡದ್ದನ್ನು ಮುಚ್ಚಿಟ್ಟಿದ್ದಾರೆ ಎಂದು ಅರ್ಥ.

ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಉತ್ತರ ಕೊಡಲು ಅವರಿರಲಿಲ್ಲ. ನಾನಿದ್ದೆ. ಅದೇ ವಿಭಾಗದಲ್ಲಿ ಮೈಕ್ರೋಸ್ಕೋಪ್ ನೋಡಿಕೊಳ್ಳುವುದು ನನ್ನ ಕೆಲಸ.

ವಿಷಯ ಇಷ್ಟು. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಅಂಥ ಹಾಳೆಗಳನ್ನು ನೀರಿನಲ್ಲಿ ಕದಡಿ, ಹೆಪ್ಪುಗಟ್ಟಿಸಿ, ಮಂಜುಗಡ್ಡೆಯನ್ನು ಕರಗಲು ಬಿಡದೆ ಆವಿಯಾಗಿಸಿದರೆ ಕರಿಯ ಸ್ಪಂಜು ಉಳಿಯುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿದ ಮೇಲೆ ಅದರೊಳಗೆ ವಿದ್ಯುತ್ ಹರಿಯಬಲ್ಲದು. ಅದರಿಂದ ಕತ್ತರಿಸಿದ ಘನ ಬೆರಳ ತುದಿಯಷ್ಟು. ಅಂಗೈ ಮೇಲಿಟ್ಟರೆ ಇಟ್ಟದ್ದೇ ಗೊತ್ತಾಗದು, ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದರ ವಾಹಕತೆ, ಅಂದರೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ, ಐವತ್ತೆರಡು ಎಂದು ಗಂಡ ಬರೆದಿದ್ದರು. ಅವರು ಬಿಟ್ಟುಹೋದ ಆರು ಘನಗಳನ್ನು ಮತ್ತೆ ಅಳೆದಾಗ ಎರಡು ಮಾತ್ರ ಐವತ್ತು ದಾಟಿದವು. ಉಳಿದ ನಾಲ್ಕೂ ಆರೇಳರಲ್ಲೇ ನಿಂತವು. ಹೊಸದಾಗಿ ಮಾಡಿದವೂ ಹದಿನೈದು ಮುಟ್ಟಲಿಲ್ಲ.

ಅಳೆದವನು ದಶಮಾಂಶ. ಗಂಟೆ ಎಷ್ಟು ಎಂದು ಕೇಳಿದರೂ ಸೆಕೆಂಡು ಸೇರಿಸಿ ಹೇಳುವ ಸಂಶೋಧಕ, ಅದಕ್ಕೇ ಆ ಹೆಸರು. ಗಂಡನನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ಅತ್ತಿಗೆ. ಎರಡು ತಿಂಗಳ ಹಿಂದೆ ಆ ಅಳತೆ ಮುಗಿದಾಗಿನಿಂದ ಎದುರು ಸಿಕ್ಕರೆ ಗೋಡೆ ನೋಡುತ್ತಿದ್ದ.

ಗುರುವಾರ ಊಟದ ಹೊತ್ತಿಗೆ ಕರಡನ್ನು ಮನೆಗೆ ತಂದೆ. ಅತ್ತೆ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವವರು. ಮುಂದಿನ ಕೋಣೆಯೇ ಅವರ ಅಂಗಡಿ. ಕತ್ತರಿಸುವ ಮೇಜಿನ ಪಕ್ಕ ನಿಂತು ಓದಿ ಹೇಳಿದೆ.

'ಅಂದ್ರೆ ನನ್ನ ಮಗ ಸುಳ್ಳ ಅಂತಾರಾ ನಿಮ್ಮ ಪ್ರೊಫೆಸರು?'

'ಹಾಗೆ ಬರೆದಿಲ್ಲ ಅತ್ತೆ. ಅರ್ಥ ಹಾಗಾಗುತ್ತೆ.'

'ಬೈಗುಳಕ್ಕೆ ಇಸ್ತ್ರಿ ಹಾಕಿ ಕೊಟ್ಟಿದಾರೆ ಅನ್ನು.'

ಅತ್ತೆ ಕತ್ತರಿಸಿದ ತುಂಡುಗಳನ್ನು ಒಂದೊಂದಾಗಿ ಎಳೆದುಕೊಂಡು ಸೀಮೆಸುಣ್ಣದಿಂದ ಗುರುತು ಹಾಕತೊಡಗಿದರು. ಒಂದು ನೇರ ಗೆರೆ, ಕೊನೆಯಲ್ಲಿ ಚಿಕ್ಕ ಕೊಕ್ಕೆ. ಆ ಗೆರೆಯನ್ನು ಬೇರೆಲ್ಲೋ ನೋಡಿದ್ದೆ.

'ಇದೇನತ್ತೆ?'

'ಎಳೆ ಹೋಗೋ ದಿಕ್ಕು. ಕತ್ತರಿಸಿದ ಮೇಲೆ ಚೌಕ ತುಂಡು ಯಾವ ಕಡೆಯಿಂದ ನೋಡಿದ್ರೂ ಒಂದೇ ಥರ. ಉದ್ದ ಯಾವುದು, ಅಡ್ಡ ಯಾವುದು ಅಂತ ಬಟ್ಟೆ ಬಾಯಿಬಿಟ್ಟು ಹೇಳುತ್ತಾ? ಅಡ್ಡ ಹಿಡಿದು ಹೊಲಿದ್ರೆ ಎರಡು ಒಗೆತಕ್ಕೆ ಜೋತುಬೀಳುತ್ತೆ. ನಿನ್ನ ಗಂಡನಿಗೆ ಈ ಗೆರೆ ಹಾಕೋದು ಚಿಕ್ಕಂದಿನಿಂದ ಚಟ. ಪಾಠದ ಪುಸ್ತಕದ ರಟ್ಟಿಗೂ ಹಾಕಿ ಏಟು ತಿಂದಿದ್ದ.'

ನಾನು ಚಪ್ಪಲಿ ಮೆಟ್ಟಿಕೊಂಡೆ.

'ಊಟ?'

'ಬಂದು ಮಾಡ್ತೀನಿ.'

'ಎಂಟು ತಿಂಗಳಿಂದ ಇದನ್ನೇ ಕೇಳ್ತಿದೀನಿ' ಎಂದರು ಅತ್ತೆ, ತಲೆಯೆತ್ತದೆ.

ಪ್ರಯೋಗಾಲಯದಲ್ಲಿದ್ದ ಆರೂ ಘನಗಳ ಮೇಲೆ ಆ ಗೆರೆ ಇತ್ತು. ಪ್ರತಿಯೊಂದರ ಒಂದು ಪಕ್ಕದಲ್ಲಿ, ಬ್ಲೇಡಿನಿಂದ ಕೊರೆದದ್ದು, ಕೂದಲಿನಷ್ಟು ಸಣ್ಣದು, ಕೊನೆಯಲ್ಲಿ ಕೊಕ್ಕೆ. ದಶಮಾಂಶ ವರದಿಯಲ್ಲಿ ಅದನ್ನು 'ಕತ್ತರಿಸುವಾಗ ಆದ ಗಾಯ' ಎಂದು ಬರೆದಿದ್ದ. ಅವನೊಬ್ಬನ ತಪ್ಪಲ್ಲ. ಇದೇ ಘನಗಳ ಚಿತ್ರವನ್ನು ಕಳೆದ ವರ್ಷ ತೆಗೆದವಳು ನಾನೇ, ಮೇಲಿನ ಮುಖ ಮಾತ್ರ. ಗಂಡ ಘನವನ್ನು ನನ್ನ ಅಂಗೈ ಮೇಲೆ ಇಡುತ್ತಿದ್ದರು. ಇಟ್ಟ ಹಾಗೆಯೇ ನಾನು ಮೈಕ್ರೋಸ್ಕೋಪಿಗೆ ಏರಿಸುತ್ತಿದ್ದೆ. ಕೈಯಿಂದ ಕೈಗೆ ಹೋಗುವ ವಸ್ತುವಿಗೆ ದಿಕ್ಕು ಹೇಳುವ ಅಗತ್ಯ ಬೀಳಲಿಲ್ಲ. ಅವರು ಬರೆದಿಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಈಗ ಪಕ್ಕದ ಮುಖ ನೋಡಿದೆ. ಮೇಲಿನಿಂದ ಜೇನುಗೂಡಿನಂತೆ ಕಾಣುತ್ತಿದ್ದದ್ದು ಪಕ್ಕದಿಂದ ಸಾಲುಸಾಲು ಗೋಡೆಗಳಾಗಿತ್ತು. ಗೆರೆ ಹೋದ ದಿಕ್ಕಿಗೇ ಎಲ್ಲ ಗೋಡೆಗಳೂ ಹೋಗಿದ್ದವು. ಮಂಜುಗಡ್ಡೆ ತಳದಿಂದ ಸೂಜಿಗಳಾಗಿ ಬೆಳೆಯುತ್ತ ಹಾಳೆಗಳನ್ನು ಆ ಸೂಜಿಗಳ ನಡುವೆ ಒತ್ತರಿಸಿ ನಿಲ್ಲಿಸಿತ್ತು. ಗೋಡೆಯ ಗುಂಟ ಹೋಗುವ ವಿದ್ಯುತ್ತಿಗೆ ದಾರಿ ನೇರ. ಅಡ್ಡ ಹೋಗುವುದಕ್ಕೆ ಪ್ರತಿ ಗೋಡೆಯಿಂದ ಮುಂದಿನದಕ್ಕೆ ಸಂದು ಹುಡುಕಬೇಕು. ಇಂಗಾಲ ಅದೇ, ತೂಕ ಅದೇ, ದಾರಿ ಬೇರೆ. ಘನವನ್ನು ಮೂರು ರೀತಿ ಇಡಬಹುದು. ದಿಕ್ಕು ನೋಡದೆ ಇಟ್ಟರೆ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆರರಲ್ಲಿ ಎರಡು.

ಶುಕ್ರವಾರ ಎರಡೂವರೆಗೆ ಪ್ರೊಫೆಸರ್ ಕೋಣೆಗೆ ಹೋದೆ. ಪೂರ್ತಿ ಕೇಳಿಸಿಕೊಂಡರು.

'ಅಂಕಿ ನೋಡಿಕೊಂಡು ಆಮೇಲೆ ದಿಕ್ಕು ಹುಡುಕೋದು ಸುಲಭ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ.'

'ನನ್ನ ಸಂಕಟ ಪಕ್ಕಕ್ಕಿಡಿ ಸರ್. ನಾನಿನ್ನೂ ಒಂದನ್ನೂ ಅಳೆದಿಲ್ಲ. ಏನು ಬರುತ್ತೆ ಅಂತ ಇದರಲ್ಲಿ ಬರೆದಿದ್ದೀನಿ.' ಮಡಚಿದ ಕಾಗದ ಕೊಟ್ಟೆ. 'ಈಗ ಬಿಚ್ಚಬೇಡಿ, ಜೇಬಿನಲ್ಲಿರಲಿ. ಅಳೆಯೋದು ದಶಮಾಂಶ.'

ಪ್ರೊಫೆಸರ್ ಸಹಿ ಹಾಕದ ಪತ್ರವನ್ನು ಹಿಡಿದೇ ನನ್ನೊಡನೆ ಪ್ರಯೋಗಾಲಯಕ್ಕೆ ಬಂದರು. ದಶಮಾಂಶನಿಗೆ ನಾನು ಹೇಳಿದ್ದು ಇಷ್ಟೇ: ಪ್ರತಿ ಘನವನ್ನೂ ಮೇಲೊಂದು ಕೆಳಗೊಂದು ತಾಮ್ರದ ಬಿಲ್ಲೆಗಳ ನಡುವೆ ಮೂರು ರೀತಿ ಇಟ್ಟು ಅಳೆ, ಗೆರೆ ನಿಂತಿದೆಯೋ ಮಲಗಿದೆಯೋ ಹೇಳು, ಅಂಕಿ ಹೇಳು.

'ಮಲಗಿದೆ. ಆರು ಪಾಯಿಂಟ್ ನಾಲ್ಕು ಎರಡು ಒಂದು.'

'ಸಾಕು ಮಾರಾಯ, ಒಂದೇ ಸ್ಥಾನ ಹೇಳು' ಎಂದರು ಪ್ರೊಫೆಸರ್.

'ಮಲಗಿದೆ. ಆರು ಪಾಯಿಂಟ್ ಎಂಟು. ನಿಂತಿದೆ.' ಮೀಟರು ನಿಲ್ಲುವವರೆಗೆ ಕಾದ. 'ಐವತ್ತೆರಡು ಪಾಯಿಂಟ್ ಒಂದು.'

ಪ್ರೊಫೆಸರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎರಡನೆಯ ಘನ. ಮೂರನೆಯದು. ನಾಲ್ಕನೆಯದು, ಐದನೆಯದು. ಆರನೆಯದನ್ನು ನಿಲ್ಲಿಸುವ ಮೊದಲೇ ದಶಮಾಂಶ 'ಐವತ್ತರ ಮೇಲೆ' ಎಂದುಬಿಟ್ಟ. ಐವತ್ಮೂರು ಬಂತು.

ಪ್ರೊಫೆಸರ್ ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದರು. 'ಗೆರೆ ನಿಂತರೆ ಐವತ್ತರ ಮೇಲೆ. ಮಲಗಿದರೆ ಹತ್ತರ ಕೆಳಗೆ. ಹದಿನೆಂಟು ಸಲವೂ.'

ಹದಿನೆಂಟಕ್ಕೆ ಹದಿನೆಂಟು.

'ಹಾಗಾದರೆ ನಾವು ಹೊಸದಾಗಿ ಮಾಡಿದ್ದು ಯಾಕೆ ಸೋತಿತು?'

'ಅವನ್ನು ಫ್ರೀಜರಿನಲ್ಲಿಟ್ಟಿರಿ ಸರ್. ಎಲ್ಲ ಕಡೆಯಿಂದ ಚಳಿ, ಗೋಡೆಗಳು ದಿಕ್ಕಾಪಾಲು. ಅವರು ತಳದಿಂದ ಮಾತ್ರ ಚಳಿ ಕೊಟ್ಟಿದ್ದರು.'

'ಯಾವುದರಲ್ಲಿ?'

ದಶಮಾಂಶನ ಮೇಜು ತೋರಿಸಿದೆ. ತಾಮ್ರದ ತಳ, ಸುತ್ತ ದಪ್ಪ ಥರ್ಮಕೋಲ್ ಗೋಡೆಯ ಅಚ್ಚು. ಅದರ ತುಂಬ ಪೆನ್ನುಗಳಿದ್ದವು.

'ಅಣ್ಣನ ನೆನಪಿಗೆ ಅಂತ ಇಟ್ಕೊಂಡಿದ್ದೆ ಅತ್ತಿಗೆ' ಎಂದ. ಎರಡು ತಿಂಗಳ ಮೇಲೆ ಅವತ್ತು ನನ್ನ ಮುಖ ನೋಡಿದ.

'ಗಂಟೆ ಎಷ್ಟಯ್ಯ?' ಎಂದು ಪ್ರೊಫೆಸರ್ ಕೇಳಿದರು.

'ಮೂರು ಹನ್ನೆರಡು. ನಲವತ್ತು ಸೆಕೆಂಡು, ಸರ್.'

ಪ್ರೊಫೆಸರ್ ಪತ್ರವನ್ನು ನಾಲ್ಕಾಗಿ ಹರಿದರು. ಅಚ್ಚಿನಿಂದಲೇ ಒಂದು ಪೆನ್ನು ತೆಗೆದು ನನ್ನ ಮುಂದಿಟ್ಟರು. 'ಹೊಸ ಲೇಖನ ಬರೆಯೋಣ. ಮೊದಲ ಹೆಸರು ಅವರದು, ಎರಡನೆಯದು ನಿಮ್ಮದು. ನಾನು ತಪ್ಪು ತಿಳಿದಿದ್ದೆ. ನಿಮ್ಮ ಅತ್ತೆಗೂ ಹಾಗೆ ಹೇಳಿ.'

ಹೇಳಿದೆ. ಅತ್ತೆ ಯಂತ್ರ ನಿಲ್ಲಿಸಿ, ಸೂಜಿಯಿಂದ ದಾರ ಬಿಡಿಸಿ, ಮತ್ತೆ ಪೋಣಿಸಿದರು.

'ಅವರಿಗೊಂದು ಷರ್ಟು ಹೊಲಿದು ಕೊಡ್ತೀನಿ ಅನ್ನು. ಅಡ್ಡ ಎಳೆಯಲ್ಲಿ.'

ನಾನು ನಕ್ಕೆ. ನನಗೇ ಕೇಳಿಸುವಷ್ಟು ಜೋರಾಗಿ.

'ಊಟ?' ಎಂದರು.

'ಬಡಿಸಿ ಅತ್ತೆ.'

ತಟ್ಟೆ ಬರಿದಾದ ಮೇಲೆ ಇನ್ನೊಮ್ಮೆ ಬಡಿಸಿಕೊಂಡೆ.