ಐದನೇ ಹಲಗೆ

"ನೀವು ಉಸಿರಾಡ್ತೀರಲ್ಲ, ಅದರಿಂದಾನೇ ಆಗೋದು ಇದು," ಎಂದ ಕೌನ್ಸಿಲ್ಲಿನ ಸರ್ವೇಯರು. ಅಮ್ಮನ ಕೋಣೆಯ ಗೋಡೆಯ ಕಪ್ಪು ಬೂಷ್ಟನ್ನು ಪೆನ್ನಿನ ತುದಿಯಿಂದ ಮುಟ್ಟಿ, ಆಮೇಲೆ ಪೆನ್ನನ್ನು ಕರ್ಚೀಫಿನಲ್ಲಿ ಒರೆಸಿಕೊಂಡ. "ಮನುಷ್ಯರ ಉಸಿರಲ್ಲಿ ನೀರಿರುತ್ತೆ. ಒದ್ದೆ ಬಟ್ಟೆ ಒಳಗೇ ಒಣಗಿಸ್ತೀರ. ಕೆಟಲ್ ಕುದಿಸ್ತೀರ. ಕಿಟಕಿ ತೆಗೆಯಲ್ಲ. ಗೋಡೇದೇನೂ ತಪ್ಪಿಲ್ಲ."

"ಮತ್ತೇನ್ ಮಾಡ್ಲಿ? ಉಸ್ರಾಡೋದು ಬಿಟ್ಬಿಡ್ಲಾ?" ಅಮ್ಮ ಕೇಳಿದಳು.

ಅವನು ನಕ್ಕ. ಅಮ್ಮ ತಮಾಷೆ ಮಾಡಿದಳೆಂದುಕೊಂಡ. ಒಂದು ಕರಪತ್ರ ಕೊಟ್ಟು ಹೋದ. ಅದರಲ್ಲಿ ಒಂದು ಸಂಸಾರ ಕಿಟಕಿ ತೆರೆದುಕೊಂಡು ನಗುತ್ತಿತ್ತು.

ಅಮ್ಮನ ಹೆಸರು ಗೇನರ್. ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದವಳು. ಎರಡು ವರ್ಷದಿಂದ ಎದೆ ಕಟ್ಟುತ್ತದೆ. ಮಲಗಿದರೆ ಒಳಗಿನಿಂದ ಸಿಳ್ಳೆಯ ಸದ್ದು ಬರುತ್ತದೆ, ಹಾಗಾಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ನಿದ್ದೆ. ಆ ಕೋಣೆಯಲ್ಲಿ ಇನ್ನೊಂದು ಚಳಿಗಾಲ ಬೇಡ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ನಾನು ಕೌನ್ಸಿಲ್ಲಿಗೆ ನಾಲ್ಕು ಸಲ ಕಳಿಸಿದ್ದೆ. ಡಿಗ್ರಿ ಮುಗಿಸಿ, ಕೌನ್ಸಿಲ್ ಬಾಡಿಗೆಗೆ ಕೊಟ್ಟ ಈ ಲಿನೆಟ್ ಹೌಸಿನ ಆರನೇ ಮಹಡಿಗೆ ವಾಪಸು ಬಂದಮೇಲೆ ನನಗಿದ್ದ ಕೆಲಸ ಅದೊಂದೇ. ನನಗೆ ಬರೆಯಲು ಬರುತ್ತದೆ. ಮಾತಾಡಲು ಬರುವುದಿಲ್ಲ.

ಜೂನ್ ತಿಂಗಳಲ್ಲಿ ಕೆಳಗಿನ ಹಾಲ್‌ನಲ್ಲಿ ಬಾಡಿಗೆದಾರರ ಅಭಿಪ್ರಾಯ ಕೇಳುವ ಸಭೆ ನಡೆಯಿತು. 'ನಿಮ್ಮ ಮನೆ, ನಿಮ್ಮ ದನಿ' ಎಂಬ ಬ್ಯಾನರು. ನಾಲ್ಕು ಹಲಗೆಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಮನೆ ಬಾಗಿಲಿನ ಬಣ್ಣ, ಹೂಕುಂಡ, ಕಟ್ಟಡದ ಹೊಸ ನಾಮಫಲಕ, ಸೈಕಲ್ ನಿಲ್ಲಿಸುವ ಜಾಗ. ಒಬ್ಬೊಬ್ಬರಿಗೂ ಮೂರು ಹಸಿರು ಚುಕ್ಕಿ, ಹಿಂದೆ ಅಂಟು ಇದ್ದದ್ದು. ಬೇಕಾದ ಹಲಗೆಗೆ ಹಚ್ಚಬೇಕು. ಹೆಚ್ಚು ಚುಕ್ಕಿ ಬಿದ್ದ ಕೆಲಸ ಈ ವರ್ಷವೇ ಆಗುತ್ತದೆ. ಹೀಗೆಂದು ವಿವರಿಸಿದವನು ಟ್ರಿಸ್ಟನ್, ನಮ್ಮ ಮಾತು ಕೇಳುವುದಕ್ಕೆಂದೇ ಕೌನ್ಸಿಲ್ ಇಟ್ಟ ಅಧಿಕಾರಿ. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಕೈಯಲ್ಲಿ ಟ್ಯಾಬ್.

"ಬೂಷ್ಟಿನ ಹಲಗೆ ಎಲ್ಲೈತಪ್ಪ?" ಅಮ್ಮ ಕೇಳಿದಳು.

"ಗೇನರ್, ಅದು ತುಂಬಾ ಮುಖ್ಯವಾದ ವಿಷಯ. ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಅದು ದುರಸ್ತಿ ವಿಭಾಗದ್ದು."

"ಅವ್ರು ನಿಮ್ನ ಕೇಳಿ ಅಂದ್ರು."

"ಹಲಗೆ ಮಾಡೋದು ನಾವು. ಅದರಲ್ಲಿ ಆರಿಸೋದು ನೀವು. ನೀಲಿ ಬಾಗಿಲೋ ಕೆಂಪು ಬಾಗಿಲೋ? ನೀಲಿ ನಿಮಗೆ ಒಪ್ಪುತ್ತೆ."

ನಮ್ಮ ಮೇಲಿನ ಮನೆಯ ವಿಲ್ಫ್ ತಾತ ಹಿಂದೆ ನಿಂತಿದ್ದ. ಎಪ್ಪತ್ತೆಂಟು ವರ್ಷ. "ಬಣ್ಣ ಯಾವ್ದಾದ್ರೇನ್ಲಾ," ಎಂದ. "ಹೆಣ ಆಚೆಗೆ ತರೋವಷ್ಟು ಅಗ್ಲ ಐತಾ, ಅದ್ ನೋಡು ಮೊದ್ಲು."

ಟ್ರಿಸ್ಟನ್ ತಲೆಯಾಡಿಸಿ ಏನೋ ಒತ್ತಿಕೊಂಡ. ಪಕ್ಕದಲ್ಲಿದ್ದ ನನಗೆ ಕಾಣಿಸಿತು: 'ಬಾಗಿಲಿನ ಅಗಲದ ಬಗ್ಗೆ ಒಬ್ಬ ನಿವಾಸಿಗೆ ಆಸಕ್ತಿ.'

ಅಮ್ಮ ತನ್ನ ಮೂರು ಚುಕ್ಕಿಗಳನ್ನು ಮನೆಗೆ ತಂದಳು. ಗೋಡೆಯ ಮೇಲೆ ಬೂಷ್ಟು ಎಲ್ಲಿಗೆ ನಿಂತಿತ್ತೋ ಆ ಅಂಚಿಗೆ ಅಂಟಿಸಿದಳು. "ಇದ್ನ ದಾಟ್ಬ್ಯಾಡ ಕಣೇ, ಮುಂಡೆ," ಎಂದು ಗೋಡೆಗೆ ಹೇಳಿದಳು. ಆಗಸ್ಟ್‌ನಲ್ಲಿ ಒಂದು ಚುಕ್ಕಿ ಕಪ್ಪಿನೊಳಗೆ ಹೋಯಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಮೂರೂ ಹೋದವು. ನಾನು ಐದನೇ ಸಲ ಬರೆದೆ. ಕಾಗದ ತಲುಪಿದೆ ಎಂದು ಉತ್ತರ ಬಂತು.

ಅಕ್ಟೋಬರ್‌ನಲ್ಲಿ ಇನ್ನೊಂದು ಕಾಗದ. ಶನಿವಾರ ಕೊನೆಯ ಸಭೆ, ಅವೇ ನಾಲ್ಕು ಹಲಗೆ. ಬಾರದವರು ಒಪ್ಪಿದ್ದಾರೆಂದೇ ತಿಳಿಯಲಾಗುವುದು. ಗಟ್ಟಿಯಾಗಿ ಓದಿದೆ. ಅಮ್ಮ ಟೀ ಕುಡಿದು ಮುಗಿಸಿದಳು. ಲೋಟ ತೊಳೆದಿಟ್ಟಳು.

"ಓಗಿ ವಿಲ್ಫನ್ನ ಕರ್ಕೊಂಬಾ ಕೂಸೇ. ಗರಗಸ ತರಕ್ಕೇಳು."

ವಿಲ್ಫ್ ತಾತ ಗಾರೆ ಕೆಲಸದವನಾಗಿದ್ದವನು. ಗೋಡೆಯ ಮುಂದೆ ತುಂಬ ಹೊತ್ತು ನಿಂತ. ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಕಾಂಕ್ರೀಟಿನ್ ಮ್ಯಾಲೆ ಈ ಜಿಪ್ಸಂ ಹಲ್ಗೆ ಕೂರ್ಸಿದೋನು ನಾನೇ ಕಣವ್ವ," ಎಂದ. "ತೊಂಬತ್ತೊಂದ್ರಾಗೆ. ಕಾಂಕ್ರೀಟು ಆಗ್ಲೇ ಜಿನುಗ್ತಿತ್ತು. ಹಂಗೇ ಮುಚ್ಚು, ಸಂಜೆಯೊಳ್ಗೆ ಮುಗೀಬೇಕು ಅಂದ ಕೌನ್ಸಿಲ್ ಮೇಸ್ತ್ರಿ, ಬೋಳಿಮಗ."

"ನೀನೇನಂದೆ?"

"ಮುಚ್ದೆ."

ಅಮ್ಮ ಗರಗಸವನ್ನು ಅವನ ಕೈಗೆ ಕೊಟ್ಟಳು. ಕೆಳಗಿನ ತುದಿ ಹಿಡಿದುಕೋ ಎಂದು ನನಗೆ ಸನ್ನೆ ಮಾಡಿದಳು. ಗರಗಸ ಹೆಚ್ಚು ಬೇಕಾಗಲಿಲ್ಲ, ಹಲಗೆ ನೆನೆದ ಬ್ರೆಡ್ಡಿನಂತೆ ಕಿತ್ತುಬಂತು. ನನ್ನ ಭುಜದ ಎತ್ತರದ ಚೌಕ. ಹಿಂದಿನ ಕಾಂಕ್ರೀಟಿನ ಮೇಲೆ ನೀರು ಮೆಲ್ಲಗೆ ಇಳಿಯುತ್ತಿತ್ತು. ಕಿಟಕಿ ತೆರೆದೇ ಇತ್ತು.

ಶನಿವಾರಕ್ಕೆ ಲಿಫ್ಟು ಕೆಟ್ಟು ಹನ್ನೊಂದು ದಿನವಾಗಿತ್ತು. ಮೆಟ್ಟಿಲಲ್ಲಿ ಇಳಿಸಿದೆವು. ಮುಂದೆ ವಿಲ್ಫ್ ತಾತ, ಹಿಂದೆ ನಾನು, ನನ್ನ ಹಿಂದೆ ಕಂಬಿ ಹಿಡಿದು ಅಮ್ಮ. ಪ್ರತಿ ಮಹಡಿಯಲ್ಲೂ ಅವಳಿಗಾಗಿ ನಿಂತೆವು. ಹಲಗೆಯ ನೀರು ನನ್ನ ಅಂಗಿಯ ಎದೆಗೆ ಇಳಿದಿತ್ತು. ಮೂರನೇ ಮಹಡಿಯಲ್ಲಿ ರೋಶೆಲ್ ಬಾಗಿಲು ತೆರೆದಳು. ಕಂಕುಳಲ್ಲಿ ಮಗು.

"ಏನದು?"

"ನಮ್ಮನೆ ಗೋಡೆ," ಎಂದಳು ಅಮ್ಮ.

ರೋಶೆಲ್ ನೋಡಿದಳು. "ನಮ್ದೂ ಇಂಗೇ ಐತೆ," ಎಂದಳು. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಕೆಳಗೆ ಮುಟ್ಟುವಷ್ಟರಲ್ಲಿ ನಮ್ಮ ಹಿಂದೆ ಹದಿನೈದು ಇಪ್ಪತ್ತು ಜನ ಇದ್ದರು.

ಹಾಲ್‌ನಲ್ಲಿ ಎರಡನೇ ಹಲಗೆಗೂ ಮೂರನೆಯದಕ್ಕೂ ನಡುವೆ ಜಾಗವಿತ್ತು. ವಿಲ್ಫ್ ತಾತ ಒಂದು ಕುರ್ಚಿ ಎಳೆದು ನಮ್ಮದನ್ನು ಅದಕ್ಕೆ ಒರಗಿಸಿದ. ಕಪ್ಪಿನ ನಡುವೆ ಅಮ್ಮನ ಮೂರು ಚುಕ್ಕಿ ಮಾಸಲಾಗಿ ಕಾಣುತ್ತಿದ್ದವು.

"ಇದೇನಿದು?" ಟ್ರಿಸ್ಟನ್ ಓಡಿಬಂದ.

"ಐದ್ನೇದು," ಎಂದಳು ಅಮ್ಮ. ಅವಳಿಗೆ ಏದುಸಿರು.

"ಗೇನರ್, ಇದು ಕೌನ್ಸಿಲ್ ಆಸ್ತಿ. ಗೋಡೆ ಕಿತ್ತಿದೀರ? ಕರಾರಿನ ಪ್ರಕಾರ ಮನೆ ಖಾಲಿ ಮಾಡಿಸಬಹುದು, ಗೊತ್ತಾ? ಯಾರು ಮಾಡಿದ್ದು ಇದನ್ನ?"

"ನಾನೇ. ಉಸ್ರಾಡ್ದೆ. ಬಿದ್ದೋಯ್ತು."

ಯಾರೋ ಒಬ್ಬರು ಫಕ್ಕನೆ ನಕ್ಕು ನಿಲ್ಲಿಸಿದರು.

"ದಯವಿಟ್ಟು ಇದನ್ನ ಈಗಲೇ ಆಚೆ ತಗೊಂಡು ಹೋಗಿ," ಅವನ ದನಿ ಏರಿತು. "ಇಲ್ಲಿ ಮಗು ಇದೆ, ವಯಸ್ಸಾದವರಿದಾರೆ. ಇದರ ಗಾಳಿ ಎದೆಗೆ ಒಳ್ಳೇದಲ್ಲ!"

ಎಲ್ಲರೂ ಅವನನ್ನು ನೋಡಿದರು. ಅವನಿಗೂ ತನ್ನ ಮಾತು ಕೇಳಿಸಿರಬೇಕು. ಮೂಗಿಗೆ ಅಡ್ಡ ಹಿಡಿದಿದ್ದ ಕೈ ಕೆಳಗಿಳಿಯಿತು.

ಮೇಜಿನ ಮೇಲೆ ಚುಕ್ಕಿಗಳ ಹಾಳೆಗಳಿದ್ದವು. ನಾನು ಹೋಗಿ ತೆಗೆದುಕೊಂಡೆ. ಮೂರು ಮೂರು ಚುಕ್ಕಿ ಬಿಡಿಸಿ ಒಬ್ಬೊಬ್ಬರ ಬೆರಳಿಗೆ ಅಂಟಿಸುತ್ತ ಬಂದೆ. ಮೊದಲು ರೋಶೆಲ್ ಹಚ್ಚಿದಳು. ಆಮೇಲೆ ಸಾಲಾಗಿ ಉಳಿದವರು, ಚರ್ಚಿನಲ್ಲಿ ಪ್ರಸಾದಕ್ಕೆ ನಡೆಯುವ ಹಾಗೆ. ಹಲಗೆ ಮೆತ್ತಗಿದ್ದುದರಿಂದ ಒತ್ತಿದ ಬೆರಳಿನ ಗುರುತೂ ಅಲ್ಲೇ ಉಳಿಯುತ್ತಿತ್ತು. ವಿಲ್ಫ್ ತಾತ ತನ್ನವನ್ನು ಹಚ್ಚಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ಗೋಡೆಯ ಹತ್ತಿರ ನಿಂತ.

"ಸರಿ," ಎಂದ ಟ್ರಿಸ್ಟನ್, ಕೊನೆಗೆ. "ವರದಿಗೆ ಫೋಟೋ ತೆಗೀಬೇಕು. ನಾಲ್ಕು ಹಲಗೇದು ಮಾತ್ರ. ಸ್ವಲ್ಪ ಸರೀತೀರಾ, ಗೇನರ್?"

ಅಮ್ಮ ಇನ್ನೊಂದು ಕುರ್ಚಿ ಎಳೆದುಕೊಂಡು ಐದನೇ ಹಲಗೆಯ ಮುಂದೆ ಕೂತಳು. ಕೈ ಮಡಿಲಲ್ಲಿಟ್ಟುಕೊಂಡಳು.

"ತೆಗ್ದುಕೊ," ಎಂದಳು. "ನಾನಿಲ್ಲೇ ಉಸ್ರಾಡ್ತಿರ್ತೀನಿ."

ಅವನು ಟ್ಯಾಬ್ ಎತ್ತಿದ. ಎಡಕ್ಕೆ ಸರಿದ. ಬಲಕ್ಕೆ ಹೋಗಿ ಮಂಡಿಯೂರಿದ. ಹಾಲ್‌ನಲ್ಲಿ ಅಮ್ಮನ ಎದೆಯ ಸಿಳ್ಳೆಯೊಂದೇ ಕೇಳುತ್ತಿತ್ತು. ಅವನು ಎಲ್ಲಿ ನಿಂತು ಹಿಡಿದರೂ ಚೌಕಟ್ಟಿನೊಳಗೆ ಅಮ್ಮ ಬರುತ್ತಿದ್ದಳು.