ಕೆರೆ ದಂಡೆಯಲ್ಲಿ ನಿಂತ ಎರಡು ಕಾರು

ಮುಂದಿನ ಬಸ್ಸಿನ ಕಿಟಕಿಯಿಂದ ಯಾರೋ ಉಗುಳಿದರು, ಎಲೆಯಡಿಕೆಯ ಕೆಂಪು ರಸ ಗಾಳಿಗೆ ಹಾರಿ ಬಂದು ನಮ್ಮ ಕಾರಿನ ಗಾಜಿಗೆ ಅಂಟಿತು, ಸರಿಯಾಗಿ ನನ್ನ ಮುಖದ ನೇರಕ್ಕೆ, ಒಳಗೇ ಕೂತಿದ್ದರೂ ಸೆರಗಿನಿಂದ ಬಾಯಿ ಒರೆಸಿಕೊಂಡೆ — ಇವರು ನೋಡಿ ನಕ್ಕರು, ನಡುವ ಗಾಜು ಅದ ಅಲ್ಲಾ, ನಿನಗ್ಯಾಕ ಹತ್ತತದ ಎಂದರು, ವೈಪರ್ ತಿರುಗಿಸಿದರು, ಅದು ಒರೆಸಲಿಲ್ಲ, ಇದ್ದ ಕೆಂಪನ್ನೇ ಗಾಜಿನ ತುಂಬ ಬಳಿಯಿತು, ಈಗ ರಸ್ತೆಯೂ ಕೆಂಪು, ಎರಡೂ ಕಡೆಯ ತೊಗರಿ ಹೊಲವೂ ಕೆಂಪು. ಹೇಸಿಗೆಯಾಗುತ್ತಿದೆ. ಬೆಳಗಿನಿಂದಲೋ, ಅಲ್ಲ, ಬೆಳಿಗ್ಗೆ ಚೆನ್ನಾಗಿಯೇ ಇದ್ದೆ, ಜೋಳದ ರೊಟ್ಟಿ ಶೇಂಗಾ ಹಿಂಡಿ ಕಟ್ಟಿಕೊಂಡು ಹುಮನಾಬಾದಿನಿಂದ ಹೊರಟಾಗ ತವರಿಗೆ ಹೋಗುವವಳ ಹಾಗೆ ಖುಷಿಯಿಂದ ಇದ್ದೆ, ಕಲ್ಯಾಣದ ತ್ರಿಪುರಾಂತ ಕೆರೆ ನೋಡದೆ ಎಷ್ಟು ವರ್ಷವಾಗಿತ್ತು — ಹೇಸಿಗೆ ಶುರುವಾದದ್ದು ಸಂಜೆ, ವಜೀರಬಿಯ ಪೇರಲ ಬುಟ್ಟಿಯನ್ನು ಇವರು ಕಾಲಿನಿಂದ ಹೊರಳಿಸಿದಾಗ. ಕೈಯಿಂದಲೂ ಅಲ್ಲ. ಕಾಲಿನಿಂದ.

ವಜೀರಬಿಯನ್ನು ಯಾರೂ ನೇಮಿಸಿಲ್ಲ, ದಂಡೆಯ ಬೇವಿನ ಮರದ ಕೆಳಗೆ ಪೇರಲ ಮಾರುತ್ತಾಳೆ, ಊಟ ಕಟ್ಟಿಕೊಂಡು ಕೆರೆಗೆ ಬರುವವರ ಗಾಡಿಗಳನ್ನು ಹಾಗೆಯೇ ಕಾಯುತ್ತಾಳೆ, ಹೋಗುವಾಗ ಕೊಟ್ಟವರು ಕೊಟ್ಟರು, ಇಲ್ಲದವರು ಇಲ್ಲ. ನಾವು ಇಳಿದ ತಕ್ಷಣ ಬಂದಳು, ಬಾಯಿ, ಸೀಟಿನ ಮ್ಯಾಲ ಏನೂ ಬಿಡಬ್ಯಾಡ್ರಿ, ಹೋದ ತಿಂಗಳ ಒಬ್ಬರ ಗಾಡಿ ಗಾಜು ಒಡದು ಶಾಲು ಒಯ್ದಾರ, ನಾ ನಮಾಜಿಗಿ ಕುಂತಿದ್ದೆ ಎಂದಳು. ಅಷ್ಟು ಸಾಕಾಯಿತು ಇವರಿಗೆ. ಪಕ್ಕದಲ್ಲೇ ಇನ್ನೊಂದು ಅಂಬಾಸಡರ್, ನಮ್ಮದರ ಹಾಗೇ ಹಳೆಯದು, ನಮ್ಮದರ ಹಾಗೇ ಬಿಳಿ, ಚಿಟಗುಪ್ಪಿಯ ಬಟ್ಟೆ ಅಂಗಡಿ ನಾಗನಾಥನದು, ಹೆಂಡತಿ ದ್ರೌಪತಿಯನ್ನು ಕರೆದುಕೊಂಡು ಬಂದಿದ್ದ, ಅವನ ಹೆಗಲ ಮೇಲೆ ಕೈಯಿಟ್ಟು ಇವರು ಪಾಠ ಶುರು ಮಾಡಿದರು, ಗಾಜು ಪೂರ್ತಿ ಏರಿಸಬೇಕು, ಬೆರಳು ಹೋಗುವಷ್ಟೂ ಸಂದು ಬಿಡಬಾರದು, ಮೂಲೆಯ ಸಣ್ಣ ಗಾಜಿನ ಚಿಲಕಕ್ಕೆ ತಂತಿ ಸುತ್ತಬೇಕು, ಗಾಡಿಯ ಮುಖ ಜನ ಓಡಾಡುವ ಕಡೆಗಿರಬೇಕು, ಡಿಕ್ಕಿಯಲ್ಲಿ ಇಡುವುದನ್ನು ಮನೆಯಲ್ಲೇ ಇಟ್ಟು ಬರಬೇಕು, ಇಲ್ಲಿ ಹತ್ತು ಮಂದಿ ನೋಡುವಾಗ ಡಿಕ್ಕಿ ತೆರೆದರೆ ಕಳ್ಳನನ್ನು ಕರೆದು ತೋರಿಸಿದ ಹಾಗೆ. ನಾಗನಾಥ ಪಾಪ, ಹೌದ್ರಿ ಸಾವಕಾರ್ರ, ಹೌದ್ರಿ ಅನ್ನುತ್ತಾ ನಿಂತಿದ್ದ. ದ್ರೌಪತಿಯ ಕಂಕುಳಲ್ಲಿ ಒಂದು ಟ್ರಾನ್ಸಿಸ್ಟರ್, ಕಂದು ಚರ್ಮದ ಚೀಲದಲ್ಲಿ, ಸೋಲಾಪುರದ ಅಣ್ಣ ಕೊಟ್ಟದ್ದಂತೆ, ಇದನ್ನೇನ ಮಾಡ್ಲಿ, ಹೊತ್ತುಕೊಂಡು ಕಲ್ಯಾಣದ ಕೋಟೆ ನೋಡಾಕ ಆಗೂದಿಲ್ಲ ಎಂದು ಕೇಳಿದಳು, ಆಗ ಇವರೇ ಹೇಳಿದರು, ಹಿಂದಿನ ಸೀಟಿನ ಕೆಳಗ ತಳ್ಳಿಬಿಡ್ರಿ ತಂಗಿ, ಮ್ಯಾಲೊಂದು ಗೋಣಿಚೀಲ ಹಾಕ್ರಿ, ದೇವರಿಗೂ ಕಾಣೂದಿಲ್ಲ. ಅವಳು ತಳ್ಳಿದಳು. ನಾನು ನೋಡಿದೆ. ಇವರೂ ನೋಡಿದರು.

ಆಮೇಲೆ ಊಟ, ಆಮೇಲೆ ಜಮಖಾನದ ಮೇಲೆ ಇವರು ಅಡ್ಡಾದರು, ಆಮೇಲೆ ತಂಬಾಕು ಕಾರಿನಲ್ಲೇ ಉಳಿದಿದೆ ಎಂದು ಎದ್ದು ಹೋದರು, ಜಮಖಾನ ಮಡಚಿ ಹೆಗಲಿಗೆ ಹಾಕಿಕೊಂಡು ಹೋದರು. ತಂಬಾಕು ತರಲಿಕ್ಕೆ ಜಮಖಾನ ಯಾಕೆ? ಕೇಳಬೇಕಿತ್ತು. ನಾನು ಕೆರೆಯ ಕಡೆ ತಿರುಗಿ ಕೂತೆ, ನೀರಿನಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು, ಎಮ್ಮೆಯನ್ನೇ ನೋಡಿದೆ, ಬಹಳ ಹೊತ್ತು ನೋಡಿದೆ, ಹೆಂಡತಿಯರಿಗೆ ಇದು ಬೇಗ ಬರುತ್ತದೆ, ಎಲ್ಲಿ ನೋಡಬಾರದೋ ಆ ಕಡೆ ಬೆನ್ನು ತಾನಾಗಿ ತಿರುಗುತ್ತದೆ. ಹೋದ ವರ್ಷ ಘಾಟಬೋರಾಳದ ಮದುವೆಯಲ್ಲಿ ಇವರು ತಪ್ಪಿ ಇನ್ಯಾರದೋ ಕಾರಿಗೆ ನಮ್ಮ ಕೀಲಿ ಹಾಕಿದ್ದರು, ಟಕ್ಕನೆ ತೆರೆಯಿತು, ಒಳಗೆ ಕೂತ ಮೇಲೆಯೇ ಗೊತ್ತಾದದ್ದು ನಮ್ಮದಲ್ಲ ಎಂದು, ಹಳೇ ಗಾಡಿ ಕೀಲಿ ಎಲ್ಲಾ ಸವದು ಒಂದೇ ಆಗಿರ್ತಾವ ಅಂತ ದಾರಿಯುದ್ದಕ್ಕೂ ನಕ್ಕರು, ನಾನೂ ನಕ್ಕಿದ್ದೆ.

ನಕ್ಕಿದ್ದೆ. ಸೋಲಾಪುರದ ಖಾನಾವಳಿಯಿಂದ ಇವರು ಎತ್ತಿಕೊಂಡು ಬಂದ ಸ್ಟೀಲ್ ಲೋಟಕ್ಕೂ ನಕ್ಕಿದ್ದೆ, ಹೈದ್ರಾಬಾದಿನ ಲಾಡ್ಜಿನ ಟವೆಲ್ಲಿಗೆ ನಗಲಿಲ್ಲ, ಸುಮ್ಮನಿದ್ದೆ, ಅಷ್ಟೆ. ಎರಡು ಗಿರಣಿ, ಊರ ತುಂಬ ತೊಗರಿ ಬೇಳೆ ಒಡೆಯುವ ಮನೆತನ, ಕೇಳಿದರೆ ಹತ್ತು ರೇಡಿಯೋ ಅಂಗಡಿಯವನೇ ಮನೆಗೆ ತಂದಿಡುತ್ತಾನೆ, ಆದರೆ ಕೊಂಡದ್ದರಲ್ಲಿ ಇವರಿಗೆ ರುಚಿಯಿಲ್ಲ, ಎತ್ತಿಕೊಂಡದ್ದರಲ್ಲಿ ಇದೆ, ಎತ್ತಿಕೊಂಡ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಾರೆ, ನಾನೇ ಬಡಿಸುತ್ತೇನೆ. ತವರಿನಲ್ಲಿ ಅವ್ವನ ಬೆಳ್ಳಿ ಕುಂಕುಮ ಭರಣಿ ಕಾಣೆಯಾದಾಗ ಅಂಗಳ ಗುಡಿಸುವ ಸರ್ವರಿಯನ್ನು ಕೆಲಸ ಬಿಡಿಸಿದರು, ಅವಳು ಬಾಗಿಲಲ್ಲಿ ನಿಂತು ತನ್ನ ಮಕ್ಕಳ ತಲೆ ಮೇಲೆ ಆಣೆ ಹಾಕಿದಳು, ತಿಂಗಳಾದ ಮೇಲೆ ಆ ಭರಣಿ ಇವರ ಗಿರಣಿಯ ಮೇಜಿನ ಖಾನೆಯಲ್ಲಿ ಸಿಕ್ಕಿತು, ಒಳಗೆ ಅಡಿಕೆ ಪುಡಿ. ಅವ್ವನಿಗೆ ಹೇಳಲಿಲ್ಲ. ಅವ್ವ ಸತ್ತಳು, ಸರ್ವರಿ ಕಳ್ಳಿ ಎಂದೇ ನಂಬಿ ಸತ್ತಳು. ಇವರ ಮೇಲೆ ಮಾತ್ರ ಹೇಸಿಗೆಯೇ ನನಗೆ? ಅಲ್ಲ, ನನ್ನ ಈ ನಾಲಿಗೆಯ ಮೇಲೂ, ಚಪ್ಪರಿಸಲಿಕ್ಕೆ ಮಾತ್ರ ಇರುವ ನಾಲಿಗೆ.

ದ್ರೌಪತಿ ಸಂಜೆ ನಾಲ್ಕಕ್ಕೆ ತಿರುಗಿ ಬಂದು ಸೀಟಿನ ಕೆಳಗೆ ಕೈ ಹಾಕಿದಳು, ಗೋಣಿಚೀಲವಿತ್ತು, ಅಷ್ಟೇ ಇತ್ತು. ಗಾಜು ಒಡೆದಿಲ್ಲ, ಬಾಗಿಲು ಮುರಿದಿಲ್ಲ. ಎಲ್ಲರಿಗಿಂತ ದೊಡ್ಡ ದನಿ ಇವರದೇ, ಯಾರು ಇದ್ದರು ಇಲ್ಲಿ, ಯಾರು ನೋಡಿದ್ದರು ಸೀಟಿನ ಕೆಳಗೆ ಇಟ್ಟದ್ದನ್ನು, ಈ ಮುದುಕಿ ಬಿಟ್ಟರೆ ಯಾರು, ಗಾಜು ಒಡೀಲಾರ್ದ ತಗೀಬೇಕಾದ್ರ ಇಲ್ಲೇ ಕುಂತವ್ರೇ ಆಗಬೇಕು, ಎಂದು ಬುಟ್ಟಿ ಹೊರಳಿಸಿದರು, ಪೇರಲಗಳು ಇಳಿಜಾರಿಗೆ ಉರುಳಿ ನೀರಿಗೆ ಬಿದ್ದವು. ವಜೀರಬಿ ಅಳಲಿಲ್ಲ, ಬೈಯಲಿಲ್ಲ, ನಾಗನಾಥನಿಗೆ ಹೇಳಿದಳು, ಸಾಬ್, ನಾ ಇಲ್ಲಿಂದ ಎದ್ದಿಲ್ಲ, ಇವರೊಬ್ಬರೇ ಗಾಡಿ ಕಡೆ ಬಂದಿದ್ದರು, ತಮ್ಮ ಗಾಡಿಗಿ ಬಂದಾರಂತ ತಿಳಕೊಂಡೆ. ಇವರು ಅವಳ ಕಡೆ ನೋಡಿದ ನೋಟ. ಮುದುಕಿಯ ಕಣ್ಣಲ್ಲಿ ಪೊರೆ, ನಾಕ್ ಮಾರು ದೂರದ್ದೂ ಕಾಣೂದಿಲ್ಲ, ಸಾಕ್ಷಿ ಹೇಳಾಕ ಬಂದಾಳ, ಠಾಣೇಕ ನಡೀ ಅನ್ನಿರಿ ಎಂದರು. ನಾಗನಾಥ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ. ಅವಳು ಹತ್ತುವ ಮುಂಚೆ ನನ್ನ ಕಡೆ ತಿರುಗಿದಳು, ನಾನು ರೊಟ್ಟಿ ಬುತ್ತಿಯ ಗಂಟು ಬಿಗಿಯುತ್ತಿದ್ದೆ, ಆಗಲೇ ಬಿಗಿದಿದ್ದ ಗಂಟು.

ಈಗ ವಾಪಸ್ ದಾರಿಯಲ್ಲಿ ಬಾಯಿ ಒಣಗಿದೆ, ಹಿಂದಿನ ಸೀಟಿನ ಕೆಳಗೆ ನೀರಿನ ತಂಬಿಗೆ, ಬಗ್ಗಿ ಕೈ ಚಾಚಿದೆ, ಜಮಖಾನದ ಮಡಿಕೆಗೆ ಬೆರಳು ಸಿಕ್ಕಿತು, ಎಳೆದೆ, ಏನೋ ಕರ್ ಎಂದಿತು, ಆಮೇಲೆ ಒಬ್ಬ ಗಂಡಸು ಮಾತಾಡಿದ, ಕಡಲೆಗೆ ಬೀಳುವ ಕಾಯಿ ಕೊರಕ ಹುಳುವಿನ ಬಗ್ಗೆ, ಗುಲ್ಬರ್ಗಾ ಸ್ಟೇಷನ್ನಿನವನು, ನಮ್ಮ ಕಾರಿನ ಒಳಗೆ, ನಮ್ಮ ಜಮಖಾನದ ಒಳಗಿನಿಂದ. ಬಿಡಿಸಿ ನೋಡಬೇಕಾಗಿಯೇ ಇರಲಿಲ್ಲ. ಕಂದು ಚರ್ಮದ ಚೀಲ. ಇದು ದ್ರೌಪತಿದು ಎಂದೆ. ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಬಂದ್ ಮಾಡು, ಬ್ಯಾಟರಿ ಇಳೀತದ, ಎಂದರು.

ಬ್ಯಾಟರಿ. ಇಪ್ಪತ್ತೆರಡು ವರ್ಷ, ಐವತ್ತಾರರಲ್ಲಿ ಮದುವೆ, ನಮ್ಮ ಸೀಮೆ ಮೈಸೂರಿಗೆ ಸೇರಿದ ವರ್ಷ, ಇಷ್ಟು ವರ್ಷ ಹೀಗೆಂದು ಗೊತ್ತಿದ್ದೂ ಒಂದು ಆಸೆಯಿತ್ತು, ಮುಖಾಮುಖಿ ಸಿಕ್ಕಿಬಿದ್ದ ದಿನ ನಾಚುತ್ತಾರೆ ಎಂದು, ಕೈ ಆದರೂ ನಡುಗುತ್ತದೆ ಎಂದು. ಗಾಡಿ ತಿರುಗಿಸ್ರಿ ಎಂದೆ. ಒಂದು ರೇಡಿಯೋಕ್ಕ? ಎಂದರು. ಆ ಮುದುಕಿ ಠಾಣ್ಯಾಗ ಕುಂತಾಳ್ರಿ ಎಂದೆ. ಏನಾಗ್ತದ, ನಾಕ್ ಮಾತು ಬೈತಾರ, ಬಿಡ್ತಾರ, ಅವರಿಗೇನು ಹೊಸಾದಲ್ಲ, ಎಂದು ಮತ್ತೆ ಗುನುಗತೊಡಗಿದರು, ಗಾಜಿನ ಮೇಲೆ ಆ ಕೆಂಪು ಒಣಗಿ ಕಂದಾಗಿತ್ತು. ರಾಜೇಶ್ವರದಲ್ಲಿ ಚಹಾದ ಹೋಟೆಲ್ಲಿನ ಮುಂದೆ ನಿಲ್ಲಿಸಿದರು, ಗಾಜು ತೊಳೆಯಲಿಕ್ಕೆ, ಇಳಿದ ಮೇಲೆ ಹಿಡಿಕೆ ಎಳೆದು ಎಳೆದು ಬಾಗಿಲು ಹಾಕಿದೆಯೇ ನೋಡಿದರು, ನಾನು ಒಳಗಿದ್ದಂತೆಯೇ, ಅಭ್ಯಾಸ. ಅವರು ಬಕೆಟ್ ಕೇಳಲು ಒಳಗೆ ಹೋದರು. ನಾನು ಈ ಕಡೆಯ ಬಾಗಿಲಿನಿಂದ ಇಳಿದೆ, ರೇಡಿಯೋ ಸೆರಗಿನೊಳಗೆ, ರಸ್ತೆ ದಾಟಿದೆ, ಕಲ್ಯಾಣ ಕಲ್ಯಾಣ ಎಂದು ಕಂಡಕ್ಟರ್ ಕೂಗುತ್ತಿದ್ದ ಬಸ್ಸಿಗೆ ಹತ್ತಿದೆ, ಒಬ್ಬಳೇ ಬಸ್ಸು ಹತ್ತಿದ್ದು ಇದೇ ಮೊದಲು, ಕಿಟಕಿಯಲ್ಲಿ ಇವರು ಕಂಡರು, ಕೈಯಲ್ಲಿ ನೀರು ಸುರಿಯುವ ಬಟ್ಟೆ ಹಿಡಿದು ಖಾಲಿ ಸೀಟು ನೋಡುತ್ತಾ.

ಠಾಣೆಯ ಕಟ್ಟೆಯ ಮೇಲೆ ವಜೀರಬಿ ಕೂತಿದ್ದಾಳೆ, ಮಡಿಲಲ್ಲಿ ಖಾಲಿ ಬುಟ್ಟಿ, ನಾಗನಾಥ ದ್ರೌಪತಿ ಬೆಂಚಿನ ಮೇಲೆ. ರೇಡಿಯೋವನ್ನು ಜಮಾದಾರನ ಮೇಜಿನ ಮೇಲೆ ಇಟ್ಟೆ. ದ್ರೌಪತಿ ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು, ನನ್ನ ಮುಖ ನೋಡಿದಳು, ತಿಳಿಯಿತು ಅವಳಿಗೆ, ತಿಳಿದವಳು ನೆಲ ನೋಡಿದಳು, ಅಕ್ಕಾ, ಸಿಕ್ತಲ್ಲ, ಸಾಕ್ರಿ, ದೊಡ್ಡ ಮನೆತನ, ನಾವು ಹೋಗ್ತೀವಿ ಎಂದಳು. ಜಮಾದಾರನಿಗೂ ಅದೇ ಬೇಕಿತ್ತು, ನಮ್ಮ ಮನೆತನದ ಹೆಸರು ಅವನಿಗೆ ಗೊತ್ತು, ಕೆರಿ ದಂಡಿ ಪೊದ್ಯಾಗ ಸಿಕ್ತಂತ ಬರಕೋತೀನ್ರಿ ಬಾಯಿ, ಎಂದ, ಬಹಳ ಮರ್ಯಾದೆಯಿಂದ ಎಂದ. ಪೊದೆಯಲ್ಲಿ. ಹಾಗಾದರೆ ಪೊದೆಯಲ್ಲಿ ಇಟ್ಟವರು ಯಾರು? ಯಾರೂ ಕೇಳಲಿಲ್ಲ, ಎಲ್ಲರ ಕಣ್ಣೂ ಕಟ್ಟೆಯ ಕಡೆ ಹೋಗಿ ಬಂದವು. ನಾಳೆ ಬೇವಿನ ಮರದ ಕೆಳಗೆ ಅವಳನ್ನು ಯಾರು ಕೂರಗೊಡುತ್ತಾರೆ, ಅವಳ ಕೈಯ ಪೇರಲ ಯಾರು ತಿನ್ನುತ್ತಾರೆ. ಪೊದ್ಯಾಗ ಅಲ್ರಿ, ಎಂದೆ, ನಮ್ಮ ಕಾರಿನ್ಯಾಗ ಸಿಕ್ತು, ನಮ್ಮ ಜಮಖಾನದಾಗ.

ಯಾರು ಇಟ್ಟಿದ್ರು?

ನಮ್ಮ ಮನಿಯವರು.

ಅವನು ಪೆನ್ನು ಎತ್ತಿಯೇ ಹಿಡಿದಿದ್ದಾನೆ, ಬರೆಯುವುದಿಲ್ಲ, ಹಾಂಗ ಬರ್ಯಾಕ ಬರೂದಿಲ್ರಿ, ಹೆಸರು ಬೇಕು ಎನ್ನುತ್ತಾನೆ, ಮೆಲ್ಲಗೆ, ಇವಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಗಂಡನ ಹೆಸರು. ಒಡಪಿನಲ್ಲಿ ಮುಚ್ಚಿ ಹೇಳಿದ್ದೇನೆ, ಆರತಿ ಹಿಡಿದ ಮುತ್ತೈದೆಯರು ಬಾಗಿಲು ಅಡ್ಡಗಟ್ಟಿದಾಗ, ಬಾಳೆ ಎಲೆ ಬೆಳ್ಳಿ ಬಟ್ಟಲು ಎಂದು ಏನೇನೋ ಕೂಡಿಸಿ, ಬರಿಯ ಬಾಯಿಂದ ಎಂದೂ ಹೇಳಿದ್ದಿಲ್ಲ, ಜನಗಣತಿಯವನು ಬಂದಾಗಲೂ ನೆರೆಮನೆಯ ಪಾರ್ವತಿಬಾಯಿಯನ್ನು ಕರೆದು ಹೇಳಿಸಿದ್ದೆ, ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದಂತೆ, ಯಾರ ಆಯುಷ್ಯ, ಸರ್ವರಿಯ ಆಯುಷ್ಯ ಏನಾಯಿತು — ಹೊರಗೆ ಕಾರಿನ ಹಾರ್ನ್, ನಮ್ಮದೇ, ಎರಡು ಸಲ, ಮನೆ ಮುಂದೆ ನಿಂತು ನನ್ನನ್ನು ಕರೆಯುವ ಹಾಗೆ.

ಮಹಾರುದ್ರಪ್ಪ.

ಏನಂದ್ರಿ? ಎಂದ. ಮಹಾರುದ್ರಪ್ಪ, ಎಂದೆ, ಬರೀರಿ. ನಾಲಿಗೆ ಉದುರಲಿಲ್ಲ. ಬರೆದ, ಪೆನ್ನು ಸೋರುತ್ತಿತ್ತು, ಮಸಿ ಹೆಚ್ಚಾಯಿತು. ನಾ ಹೋಗ್ಲಾ ಸಾಬ್, ವಜೀರಬಿ ಎದ್ದಳು, ಯಾರೂ ಬೇಡ ಎನ್ನಲಿಲ್ಲ, ನನ್ನನ್ನು ದಾಟಿ ಹೋದಳು, ನೋಡಲಿಲ್ಲ, ನೋಡಬೇಕಾಗಿಯೂ ಇಲ್ಲ, ಮತ್ತೆ ಹಾರ್ನ್, ಇರಲಿ, ನಾನು ತಿರುಗುವುದಿಲ್ಲ, ಕಾಗದ ನೋಡುತ್ತಿದ್ದೇನೆ, ಒರಟು ಕಾಗದ, ಮಸಿ ಹೀರುತ್ತಿದೆ, ಹೆಸರಿನ ಅಂಚು ದಪ್ಪವಾಗುತ್ತಿದೆ, ಮ, ಹಾ, ಇನ್ನೂ ಹಸಿ, ಮತ್ತೆ ಹಾರ್ನ್, ಇನ್ನೂ ಹಸಿ, ಕಪ್ಪಗೆ, ಹೊಳೆಯುತ್ತಾ, ಇನ್ನೂ ಆರಿಲ್ಲ.