ಪುಟ್ಟಗೌರಮ್ಮನ ಪಾಲು

"...ಮದುವೆ ಕಾಲದಲ್ಲಿ ಒಡವೆ, ವಸ್ತ್ರ ಹಾಗೂ ನಗದು ರೂಪದಲ್ಲಿ ನನ್ನ ಭಾಗವನ್ನು ಪೂರಾ ಪಡೆದುಕೊಂಡಿರುವುದರಿಂದ, ಸದರಿ ಜಮೀನಿನಲ್ಲಿ ನನಗೆ ಯಾವುದೇ ಹಕ್ಕು..."

"ಅಲ್ಲೇ ನಿಲ್ಸಿ ಸಾ," ಎಂದಳು ಪುಟ್ಟಗೌರಮ್ಮ.

ಪತ್ರ ಬರೆಯುವ ಚಿಕ್ಕಸ್ವಾಮಿ ಕನ್ನಡಕದ ಮೇಲಿಂದ ನೋಡಿದ. ನಂಜನಗೂಡಿನ ನೋಂದಣಿ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಇಂಥ ಪತ್ರವನ್ನು ಅವನು ವಾರಕ್ಕೆ ನಾಲ್ಕಾದರೂ ಓದುತ್ತಿದ್ದ. ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೇಳಿ, ಅರಿಶಿನ-ಕುಂಕುಮದ ಲೆಕ್ಕಕ್ಕೆ ಒಂದು ಸೀರೆ ತಗೊಂಡು, ಸಹಿ ಹಾಕಿ ಹೋಗುತ್ತಿದ್ದರು. ನಡುವೆ ಯಾರೂ ಮಾತಾಡುತ್ತಿರಲಿಲ್ಲ.

"ನಾನು ಪಡ್ಕಂಡಿಲ್ವಲ್ಲ ಸಾ."

ತಮ್ಮ ರುದ್ರೇಶ ನಕ್ಕ. "ಇದೇನಕ್ಕ ಇಂಗಂತೀಯ? ನಿನ್ ಮದ್ವೆಗೆ ಅಂತ ಅಪ್ಪ ಕೆರೆ ಕೆಳಗ್ಲ ಗದ್ದೆ ಮಾರಿದ್ದು ಇಡೀ ಊರ್ಗೇ ಗೊತ್ತು. ಬಾವಂಗೆ ಸ್ಕೂಟ್ರು ಬ್ಯಾರೆ."

"ಸ್ಕೂಟ್ರ ನಾನ್ ಓಡುಸ್ದ್ನೇನ್ಲಾ?"

"ಇಂದ್ಗಡೆ ಕೂತ್ಕಂಡ್ ಬತ್ತಿರ್ನಿಲ್ವಾ?"

"ಎಲ್ಡ್ ಸಲ. ಆಮೇಲೆ ಮಾರ್ಕಂಡ್ರು. ಒಡ್ವೆ ನಮ್ಮತ್ತೆ ಪೆಟ್ಗೇಲಿತ್ತು, ನಾದ್ನಿ ಮದ್ವೇಲಿ ಅವಳ ಕತ್ತಿಗೋಯ್ತು."

ಚಿಕ್ಕಸ್ವಾಮಿ ಪೆನ್ನು ಕೈಗೆ ತೆಗೆದುಕೊಂಡ. "ಮತ್ತೇನಂತ ಬರೀಲಿ ತಾಯಿ?"

"ಆದಂಗೇ ಬರೀರಿ. ಇವಳ ಗಂಡನ ಕೈಗೆ ಕೊಟ್ವಿ, ಇವಳಿಗೆ ಏನೂ ಕೊಡ್ನಿಲ್ಲ ಅಂತ."

"ವರದಕ್ಷಿಣೆ ಅಂತ ಬರದ್ರೆ ಕೊಟ್ಟೋರು, ಇಸ್ಕಂಡೋರು ಇಬ್ರೂ ಜೈಲ್ಗೋಗ್ಬೇಕಾಯ್ತದೆ. ಅದುಕ್ಕೇ ಎಲ್ಲಾರೂ ಇಂಗ್ ಬರ್ಸೋದು. ಎಣ್ಮಗಳು ಪಡ್ಕಂಡ್ಳು ಅಂದ್ರೆ ಯಾರ್ಗೂ ತೊಂದ್ರೆ ಇಲ್ಲ."

"ಯಾರ್ಗೂ," ಎಂದಳು ಪುಟ್ಟಗೌರಮ್ಮ, ತನಗೇ ಹೇಳಿಕೊಳ್ಳುವಂತೆ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ತವರೂರು ಹೆಡತಲೆಯಲ್ಲಿ ಉಳಿದಿದ್ದ ಎರಡು ಎಕರೆ ರುದ್ರೇಶನ ಹೆಸರಿಗೆ ಖಾತೆಯಾಗಬೇಕಿತ್ತು. ಪ್ರತಿ ಗೌರಿ ಹಬ್ಬಕ್ಕೂ ಅವಳ ಗಂಡನ ಊರು ಮೂಗೂರಿಗೆ ಬಂದು ಅಕ್ಕನನ್ನು ಕರೆದೊಯ್ಯುವ ತಮ್ಮ ಅವನು. ಸಹಿ ಬೇಕೆಂದಾಗ ಅವಳು ಎದುರು ಮಾತಾಡದೆ ಹೊರಟು ಬಂದಿದ್ದಳು. ಆದರೆ ಪತ್ರದ ಆ ಸಾಲು ಕಿವಿಗೆ ಬಿದ್ದಾಗ ಕಳೆದ ಭಾನುವಾರ ನೆನಪಾಯಿತು. ಮಗಳು ನಯನಳನ್ನು ನೋಡಲು ಟಿ. ನರಸೀಪುರದಿಂದ ಬಂದವರು ಬೈಕು ಯಾವ ಕಂಪನಿಯದಾಗಬೇಕೆಂದು ಗಂಡನ ಜೊತೆ ಮಾತಾಡುತ್ತ ಕುಳಿತಿದ್ದರು. ನಯನ ಒಳಗೆ ಕಾಫಿ ಸೋಸುತ್ತಿದ್ದಳು. ಆ ಬೈಕನ್ನೂ ಒಂದು ದಿನ ಯಾರಾದರೂ ಅವಳೇ ಪಡೆದ ಪಾಲೆಂದು ಅವಳ ಮುಂದೆ ಹೀಗೆ ಓದುತ್ತಾರೆ.

"ಇಂಗನ್ನು ಅಂತ ಬಾವ ಏಳ್ಕೊಟ್ಟು ಕಳ್ಸವ್ರೆ." ರುದ್ರೇಶನ ದನಿ ಗಡುಸಾಯಿತು.

"ಅವರ್ಗೆ ಗೊತ್ತಾದ್ರೆ ನಾಳೀಕೇ ನನ್ ಪಾಲು ಮಾರ್ಸಿ ನಯನನ ಗಂಡಂಗೆ ಬೈಕ್ ತಂದ್ಬುಡ್ತಾರೆ. ನಂಗೆ ಮಾರಾದ್ ಬ್ಯಾಡ ಕನ. ನೀನೇ ಉತ್ಕೊ, ನೀನೇ ತಿನ್ನು. ಪಹಣೀಲಿ ನನ್ನೆಸ್ರೂ ಇರ್ಲಿ."

"ಎಸ್ರು ಇಟ್ಕಂಡ್ ಏನ್ಮಾಡೀಯೆ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಗೊತ್ತಿಲ್ಲ ಕನಪ್ಪ. ಎಲ್ಲೂ ಇಲ್ವಲ್ಲ ಅದು."

"ಅಂಗಾರೆ ಗೌರಿ ಅಬ್ಬುಕ್ಕೆ ಆ ಪಹಣೀನೇ ಬಂದು ಕರ್ಕಂಡೋಗ್ಲಿ!" ರುದ್ರೇಶ ಸ್ಟೂಲು ಹಿಂದಕ್ಕೆ ತಳ್ಳಿ ಎದ್ದು ನಡೆದೇಬಿಟ್ಟ.

"ಒಂದ್ ಸಹಿಗೋಸ್ಕರ ತವರ್ಮನೆ ಕಳ್ಕಬ್ಯಾಡಿ ತಾಯಿ," ಎಂದ ಚಿಕ್ಕಸ್ವಾಮಿ, ಮೆಲ್ಲಗೆ.

ಅವಳು ಸಹಿ ಹಾಕದೆ ಮುಂದಿದ್ದ ಕಾಗದವನ್ನು ಅವನ ಕಡೆಗೆ ಸರಿಸಿ ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ-ತಮ್ಮ ಬೇರೆ ಬೇರೆ ಕಂಬಗಳ ಬಳಿ ನಿಂತರು. ಊರಲ್ಲಿ ಅವ್ವ ಇಬ್ಬರಿಗೂ ಅಡಿಗೆ ಮಾಡಿಟ್ಟು ಕಾಯುತ್ತಿದ್ದಳು. ಹೆಡತಲೆ ಬಸ್ಸು ಬಂದಾಗ ಜನ ನುಗ್ಗಿದರು. ಪುಟ್ಟಗೌರಮ್ಮ ಎಲ್ಲರೂ ಹತ್ತಿದ ಮೇಲೆ ಹತ್ತಿದಳು.

ರುದ್ರೇಶ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಪಕ್ಕದ ಸೀಟಿನ ಮೇಲೆ ಅವನ ಟವೆಲ್ಲು ಬಿದ್ದಿತ್ತು.

"ಅಲ್ಲೈತಲ್ಲಮ್ಮ ಸೀಟು, ಕೂತ್ಕಳಿ," ಎಂದ ಕಂಡಕ್ಟರ್.

ಅವಳು ಕಂಬಿ ಹಿಡಿದು, ಅದು ತನಗಾಗಿ ಹಿಡಿದಿಟ್ಟ ಜಾಗವೋ ಅಲ್ಲವೋ ತಿಳಿಯದೆ, ಟವೆಲ್ಲನ್ನು ನೋಡುತ್ತ ನಿಂತಳು. ಬಸ್ಸು ಹೊರಟಿತು.